ಪೊದೆಯ ಮಡಿಲಲ್ಲಿ ಮರುಭೂಮಿಯ ಮಕ್ಕಳು

ದಕ್ಷಿಣ ಆಫ್ರಿಕದ ಕೇಪ್‌ಟೌನಿನಿಂದ ಸುಮಾರು 110 ಕಿ.ಮೀ. ಸಾಗಿದರೆ ದ್ರಾಕ್ಷಿ ತೋಟಗಳ ನಡುವೆ ವುಸ್ಟರ್ ಪಟ್ಟಣ ಸಿಗುತ್ತದೆ. ಅದರ ಅಂಚಿನಲ್ಲಿ, ಬೆಟ್ಟದ ಬುಡದಲ್ಲಿ ಹರಡಿಕೊಂಡಿದೆ ಕಾರೂ ಮರುಭೂಮಿ ರಾಷ್ಟ್ರೀಯ ಸಸ್ಯೋದ್ಯಾನ. 1921ರಲ್ಲಿ ಬೇರೆಡೆ ಆರಂಭವಾದ ಈ ಉದ್ಯಾನ 1945ರಲ್ಲಿ ಇಲ್ಲಿಗೆ ಬಂತು. ಇದರ ವಿಸ್ತಾರ 154 ಹೆಕ್ಟೇರ್. ಅದರಲ್ಲಿ ನೆಟ್ಟು ಬೆಳೆಸಿದ್ದು ಸುಮಾರು 11 ಹೆಕ್ಟೇರ್ ಮಾತ್ರ. ಉಳಿದದ್ದೆಲ್ಲ ತಾನಾಗಿ ಬೆಳೆದ ಕುರುಚಲು ಕಾಡು.

ವರ್ಷಕ್ಕೆ ಇಲ್ಲಿ ಬೀಳುವ ಮಳೆ ಸುಮಾರು 250 ಮಿ.ಮೀ. ಅದೂ ಬಹುಪಾಲು ಚಳಿಗಾಲದಲ್ಲಿ. ನಮ್ಮಲ್ಲಿ ಮುಂಗಾರು ಸುರಿಯುವ ಜೂನ್‌ನಿಂದ ಆಗಸ್ಟ್‌ವರೆಗಿನ ದಿನಗಳೇ ಅಲ್ಲಿನ ಚಳಿಗಾಲ. ಬೇಸಿಗೆಯಲ್ಲಿ ನೆಲ ಕಾದ ಕಾವಲಿ.

ಲೋಳೆಸರದ ಬಂಧುಗಳು, ಗುಂಡಿಯಷ್ಟೇ ಗಾತ್ರದ ಕೊನೊಫೈಟಮ್‌ಗಳು ಇಂಥ ನೆಲದಲ್ಲಿ ಬದುಕುವುದು ಮೈಯಲ್ಲಿ ತುಂಬಿಕೊಂಡ ನೀರಿನ ಬಲದಿಂದ ಎಂಬುದು ಗೊತ್ತಿರುವ ಸಂಗತಿ. ಆದರೆ ಅದು ಅರ್ಧ ಕಥೆ ಮಾತ್ರ. ಗಾಳಿ ಹೊತ್ತು ತಂದ ಬೀಜ ಒಣ ಪೊದೆಯ ಬುಡದಲ್ಲಿ ತಂಗುತ್ತದೆ. ಅಲ್ಲಿ ನೆರಳಿದೆ, ಉದುರಿದ ಎಲೆಯ ಗೊಬ್ಬರವಿದೆ, ಮೇಯುವ ಪ್ರಾಣಿಗಳಿಂದ ಮರೆಯಿದೆ. ಎಳೆಯ ಸಸಿಗೆ ಆ ಪೊದೆಯೇ ದಾದಿ.

ತೋಟ ಮಾಡುವವರಿಗೂ ಇದೇ ಪಾಠ. ಬೇಸಿಗೆಯಲ್ಲಿ ನೀರು ಬೇಡುವ ಹೂಗಿಡವನ್ನು ಪಕ್ಕದಲ್ಲಿ ನೆಟ್ಟರೆ, ಅದಕ್ಕೆ ಹನಿಸಿದ ನೀರಿಗೆ ಚಳಿಗಾಲದಲ್ಲಿ ಬೆಳೆಯುವ ರಸಭರಿತ ಗಿಡದ ಬೇರು ಕೊಳೆಯುತ್ತದೆ. ಆದ್ದರಿಂದ ಅದೇ ಸೀಮೆಯ ಪೆಲಾರ್ಗೋನಿಯಮ್‌ಗಳು ಒಳ್ಳೆಯ ನೆರೆ; ನಮ್ಮ ಕುಂಡಗಳ 'ಜೆರೇನಿಯಂ'ನ ಪೂರ್ವಜರು ಇವೇ. ಲ್ಯಾಕೆನೇಲಿಯ, ಬಬಿಯಾನದಂಥ ಗೆಡ್ಡೆಯ ಗಿಡಗಳು ಇನ್ನೂ ಜಾಣರು. ಮಳೆಗೆ ಚಿಗುರಿ, ಹೂ ಬಿಟ್ಟು, ಬೇಸಿಗೆ ಬರುವಷ್ಟರಲ್ಲಿ ನೆಲದೊಳಗೆ ಮಲಗಿಬಿಡುತ್ತವೆ. ಸೇವಂತಿಗೆ ಕುಲದ ವಾರ್ಷಿಕ ಹೂಗಳಂತೂ ಬೀಜ ಉದುರಿಸಿ ಜಾಗ ಖಾಲಿ ಮಾಡುತ್ತವೆ. ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಉದ್ಯಾನದ ತುಂಬ ಕಿತ್ತಳೆ, ಹಳದಿ, ನೇರಳೆ ಬಣ್ಣ ಹೊತ್ತುವುದು ಇವುಗಳಿಂದಲೇ.

ಈ ನೆರೆಹೊರೆಗೆ ಈಗ ಮನುಷ್ಯನೇ ಕಂಟಕ. 2019ರ ನಂತರ ಕೊನೊಫೈಟಮ್‌ಗಳ ಕಳ್ಳಸಾಗಣೆ ವಿಪರೀತವಾಗಿ ಹೆಚ್ಚಿತು. ದೂರದ ದೇಶಗಳ ಸಂಗ್ರಾಹಕರಿಗಾಗಿ ಕಾಡಿನ ಗಿಡಗಳನ್ನು ರಾಶಿಗಟ್ಟಲೆ ಕೀಳಲಾಯಿತು. ಕೆಲವು ಪ್ರಭೇದಗಳು ಒಂದೆರಡು ಗುಡ್ಡಗಳಲ್ಲಷ್ಟೇ ಇರುವಂಥವು. ಅಲ್ಲಿಂದ ಕಿತ್ತರೆ ಕಾಡಿನಲ್ಲಿ ಅವುಗಳ ವಂಶವೇ ಮುಗಿಯಿತು. ವಶಪಡಿಸಿಕೊಂಡ ಗಿಡಗಳನ್ನು ಕುಂಡದಲ್ಲಿಟ್ಟು ಉಳಿಸಬಹುದು. ಆದರೆ ಯಾವ ಗುಡ್ಡದವು ಎಂದು ತಿಳಿಯದಿದ್ದರೆ ಅವನ್ನು ಮರಳಿ ನೆಡುವುದೆಲ್ಲಿ?

ವುಸ್ಟರ್‌ನ ಉದ್ಯಾನದಲ್ಲಿ ಈ ಗಿಡಗಳನ್ನು ನೆರೆಯವರ ಸಮೇತ ಕಾಣಬಹುದು. ಕೊಳ್ಳುವವರು ಬೀಜದಿಂದ ಬೆಳೆಸಿದ ಸಸಿಯನ್ನೇ ಕೇಳಿ ಪಡೆದರೆ, ಗುಡ್ಡದ ಪೊದೆಯ ಮಡಿಲು ಬರಿದಾಗದು.