ತೇರಿನ ಮರುದಿನ

ಮಾಘಮಾಸದ ಕೃಷ್ಣಪಕ್ಷ ಬಂತೆಂದರೆ ಕೊಟ್ಟೂರಿನ ದಾರಿಗಳು ನಡೆಯುವವರ ವಶವಾಗುತ್ತವೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳಿಂದಲೂ, ೫೦ ಕಿಲೋಮೀಟರಿಗೂ ಆಚೆಯ ದಾವಣಗೆರೆಯಿಂದಲೂ ಜನರು ಕೊಟ್ಟೂರೇಶ್ವರನ ತೇರಿಗೆ ಕಾಲ್ನಡಿಗೆಯಲ್ಲಿಯೇ ಹೊರಡುತ್ತಾರೆ. ವಾಹನಸೌಕರ್ಯವಿಲ್ಲವೆಂದಲ್ಲ, ಬಸ್ಸುಗಳು ಪಕ್ಕದಲ್ಲಿಯೇ ಧೂಳೆಬ್ಬಿಸಿಕೊಂಡು ಹೋಗುತ್ತವೆ. ನಡೆಯುವವರು ಕಣ್ಣಿಗೆ ಅಡ್ಡವಾಗಿ ವಲ್ಲಿ ಹಿಡಿದುಕೊಂಡು ಮುಂದಕ್ಕೆ ಸಾಗುತ್ತಾರೆ.

ಹೊಲಗದ್ದೆಗಳಲ್ಲಿ ಪಳಗಿದ ರೈತನಿಗೆ ಈ ನಡಿಗೆ ದೊಡ್ಡದಲ್ಲ. ಕಷ್ಟವೆಲ್ಲ ಪಟ್ಟಣದ ಗುಮಾಸ್ತನಿಗೆ. ವರ್ಷವಿಡೀ ಕುರ್ಚಿಯನ್ನು ಸವೆಸಿದ ಈತ ಹರಕೆಯ ಹುರುಪಿನಲ್ಲಿ ಮೊದಲ ಮೂರು ಗಂಟೆ ಓಡಿದಂತೆಯೇ ನಡೆದುಬಿಡುವನು. ಸಂಜೆಯಾಗುವಷ್ಟರಲ್ಲಿ ಅಂಗಾಲಿನಲ್ಲಿ ಬೊಬ್ಬೆ. ಪಾಪ, ಬೊಬ್ಬೆಗೆ ಭಕ್ತನೆಂಬ ದಾಕ್ಷಿಣ್ಯವಿಲ್ಲ! ಹಲವು ವರ್ಷ ನಡೆದವನ ರೀತಿಯೇ ಬೇರೆ. ಆತ ಒಂದು ತಿಂಗಳು ಮುಂಚಿನಿಂದಲೇ ಬೆಳಗಿನ ಜಾವದಲ್ಲೆದ್ದು ನಡೆಯುತ್ತಾನೆ. ಹೊಸ ಚಪ್ಪಲಿಯನ್ನು ಮುಟ್ಟುವುದಿಲ್ಲ. ದಾರಿಯುದ್ದಕ್ಕೂ ಹಳ್ಳಿಯವರು ಪ್ರೀತಿಯಿಂದ ಬಡಿಸುವುದನ್ನು ಅರೆಹೊಟ್ಟೆಗೆ ನಿಲ್ಲಿಸುತ್ತಾನೆ. ನೆರಳಿನಲ್ಲಿ ಬಹಳ ಹೊತ್ತು ಕೂರುವುದಿಲ್ಲ, ಕೂತರೆ ಕಾಲು ಹಿಡಿದುಕೊಳ್ಳುತ್ತದೆ. ಇವನನ್ನು ನೋಡಿದವರು ಭಕ್ತನೆನ್ನಬೇಕೋ ಓಟಗಾರನೆನ್ನಬೇಕೋ ಎಂದು ಯೋಚಿಸಿದರೆ ತಪ್ಪಿಲ್ಲ.

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿಯೂ ಇಂಥದೇ ಒಂದು ನೋಟವುಂಟು. ಭರತ ಹುಣ್ಣಿಮೆಯ ಜಾತ್ರೆಯಲ್ಲಿ, ಡೆಂಕನಮರಡಿಯಲ್ಲಿ ಗೊರವಯ್ಯನು ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದೊಡನೆ ಲಕ್ಷಗಟ್ಟಲೆ ಜನ ಉಸಿರು ಬಿಗಿಹಿಡಿಯುತ್ತಾರೆ. ಒಂದೇ ಸಾಲಿನ ಕಾರ್ಣಿಕ ನುಡಿದು ಆತ ಕೆಳಕ್ಕೆ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಜನ ಕಾಣುವುದು ಆ ಒಂದು ಕ್ಷಣವನ್ನು. ಅದರ ಹಿಂದಿನ ೧೧ ದಿನಗಳ ಉಪವಾಸವ್ರತವನ್ನು ಕಾಣುವವರು ಕೆಲವರೇ.

ದೇಹವನ್ನು ದೇವರ ಕೆಲಸಕ್ಕೆ ಹದಗೊಳಿಸುವ ಈ ಮಾತನ್ನು ಬಹು ಹಿಂದೆಯೇ, ಬಹು ದೂರದಲ್ಲಿ, ಗುಡಾರ ಹೊಲಿಯುವ ಕಸುಬಿನವನೊಬ್ಬ ಬರೆದಿಟ್ಟಿದ್ದಾನೆ. ಅವನು ಸಂತ ಪೌಲ. ಕ್ರಿಸ್ತಶಕ ೫೦ರ ಸುಮಾರಿನಲ್ಲಿ ಗ್ರೀಸಿನ ಕೊರಿಂಥ ಪಟ್ಟಣದಲ್ಲಿ ಒಂದೂವರೆ ವರ್ಷ ನೆಲೆಸಿದ್ದವನು. ಆ ಊರಿನ ಸಮೀಪದಲ್ಲಿ ಎರಡು ವರ್ಷಕ್ಕೊಮ್ಮೆ ದೊಡ್ಡ ಕ್ರೀಡೋತ್ಸವ ನಡೆಯುತ್ತಿತ್ತು. ಗೆದ್ದವನಿಗೆ ಎಲೆಯ ಕಿರೀಟ. ಬಾಡಿಹೋಗುವ ಎಲೆಗಾಗಿ ಓಟಗಾರನು ಇಷ್ಟೊಂದು ನೇಮದಿಂದಿರುವಾಗ, ಬಾಡದ ಫಲವನ್ನು ಬಯಸುವವನು ಹೇಗಿರಬೇಕೆಂದು ಪೌಲನು ಕೊರಿಂಥದವರನ್ನು ಎಚ್ಚರಿಸಿದನು. ಇಷ್ಟೇ ಆಗಿದ್ದರೆ ಅದು ಉಪದೇಶಕರ ಎಂದಿನ ಮಾತು. ಆದರೆ ಊರಿಗೆಲ್ಲ ಬೋಧಿಸಿ ತಾನೇ ಸ್ಪರ್ಧೆಯಿಂದ ಹೊರಗಾದೇನೆಂಬ ಭಯವನ್ನೂ ಆತ ಅಲ್ಲಿಯೇ ತೋಡಿಕೊಂಡಿದ್ದಾನೆ. ಆ ಭಯವೇ ಅವನ ಮಾತಿಗೆ ತೂಕ ತಂದಿದೆ. ಈ ಪತ್ರ ಕನ್ನಡಕ್ಕೆ ಬಂದದ್ದು ಇದೇ ಸೀಮೆಯಿಂದ: ೧೮೧೦ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರು ಬೈಬಲನ್ನು ಕನ್ನಡಿಸಿದರು.

ಪೌಲನ ಮಾತನ್ನು ಅಕ್ಷರಶಃ ಓಡಿ ತೋರಿಸಿದವನೆಂದರೆ ಸ್ಕಾಟ್ಲೆಂಡಿನ ಎರಿಕ್ ಲಿಡ್ಡೆಲ್. ೧೯೨೪ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ೧೦೦ ಮೀಟರಿನ ಓಟ ಅವನ ಕೈಯಲ್ಲಿದ್ದ ಪದಕವೆಂದೇ ಜನ ನಂಬಿದ್ದರು. ಪೂರ್ವಸುತ್ತು ಭಾನುವಾರ ಬಿದ್ದಿತು. ಅದು ದೇವರ ದಿನ, ಓಡಲಾರೆನೆಂದನು. ೪೦೦ ಮೀಟರಿಗೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿ, ೪೭.೬ ಸೆಕೆಂಡುಗಳಲ್ಲಿ ಓಡಿ ಚಿನ್ನ ಗೆದ್ದನು. ಜನ ಹೇಳುವ ಕಥೆ ಇಲ್ಲಿಗೆ ಮುಗಿಯುತ್ತದೆ, ಕೇಳಬೇಕಾದದ್ದು ಮುಂದಿದೆ. ಮರುವರ್ಷ ಆತ ಕೀರ್ತಿಯನ್ನೆಲ್ಲ ಬಿಟ್ಟು ಚೀನಾದಲ್ಲಿ ಉಪಾಧ್ಯಾಯನಾದನು. ಯುದ್ಧಕಾಲದಲ್ಲಿ, ೧೯೪೩ರಲ್ಲಿ, ಜಪಾನೀಯರು ಅವನನ್ನು ವೈಶಿಯನ್ ಬಂಧನಶಿಬಿರದಲ್ಲಿಟ್ಟರು. ಅಲ್ಲಿ ಮಕ್ಕಳಿಗೆ ಪಾಠ ಹೇಳಿದನು, ಆಟಗಳನ್ನು ಏರ್ಪಡಿಸಿದನು; ಭಾನುವಾರ ಮಾತ್ರ ಆಟವಿಲ್ಲ. ಒಂದು ಭಾನುವಾರ ಹುಡುಗರು ತಾವಾಗಿಯೇ ಹಾಕಿ ಆಡಹೊರಟು ಜಗಳವಾಡಿಕೊಂಡರು. ಮುಂದಿನ ಭಾನುವಾರ ಲಿಡ್ಡೆಲ್ ತಾನೇ ತೀರ್ಪುಗಾರನಾಗಿ ಮೈದಾನಕ್ಕಿಳಿದನು. ಚಿನ್ನದ ಪದಕಕ್ಕೆ ಸಡಿಲಿಸದ ನೇಮವನ್ನು ಆತ ಜಗಳಗಂಟ ಹುಡುಗರಿಗಾಗಿ ಸಡಿಲಿಸಿದನು. ೧೯೪೫ರ ಫೆಬ್ರವರಿಯಲ್ಲಿ, ಬಿಡುಗಡೆಯ ದಿನವನ್ನು ಕಾಣದೆ, ಶಿಬಿರದಲ್ಲಿಯೇ ತೀರಿಕೊಂಡನು. ಪ್ಯಾರಿಸ್ಸಿನ ಓಟಕ್ಕಿಂತ ಈ ಭಾನುವಾರ ದೊಡ್ಡದೆಂದು ತೋರಿದರೆ ಆಶ್ಚರ್ಯವಿಲ್ಲ.

ಇತ್ತ ಕೊಟ್ಟೂರಿನಲ್ಲಿ ಮೂಲಾ ನಕ್ಷತ್ರದ ಸಂಜೆ ತೇರು ಎಳೆದು, ಉತ್ತತ್ತಿ ಬಾಳೆಹಣ್ಣು ಎಸೆದು, ಜನ ಕರಗುತ್ತಾರೆ. ಗುಮಾಸ್ತನು ಮರುದಿನ ಬಸ್ಸಿನಲ್ಲಿ ಊರಿಗೆ ಬಂದು, ಕಾಲಿಗೆ ಎಣ್ಣೆ ತಿಕ್ಕಿಸಿಕೊಂಡು, ದಾರಿಯ ಕಥೆಯನ್ನು ನೆರೆಯವರಿಗೆಲ್ಲ ಹೇಳುತ್ತಾನೆ. ಬೊಬ್ಬೆಗಳನ್ನೂ ತೋರಿಸುತ್ತಾನೆ. ಕೇಳುವವರು ತಲೆದೂಗುತ್ತಾರೆ, ಅವನಿಗೂ ಅದು ಹಿತವೇ.

ಅದೇ ಸಂಜೆ ಒಳಗಿನಿಂದ ಮುದುಕಿ ತಾಯಿ ಕೇಳುತ್ತಾಳೆ: “ಗುಳಿಗೆ ಮುಗಿದಾವೆ, ತಂದ್ಕೊಡ್ತೀಯೇನಪ್ಪಾ?”

ಔಷಧಿಯ ಅಂಗಡಿ ಬೀದಿಯ ತುದಿಯಲ್ಲಿಯೇ ಇದೆ. ಮಗನು ಸುತ್ತ ನೋಡುತ್ತಾನೆ, ಹುಡುಗ ಮನೆಯಲ್ಲಿಲ್ಲ. “ಕಾಲು ಏಳಂಗಿಲ್ಲಮ್ಮಾ, ನಾಳೆ ನೋಡೋಣ” ಎನ್ನುತ್ತಾನೆ.

“ಆಗ್ಲಿ ಬಿಡು, ನಡೆದು ದಣಿದೀಯ” ಎಂದು ತಾಯಿ ಮಗ್ಗುಲಾಗುತ್ತಾಳೆ. ಹೊಸ್ತಿಲ ಬಳಿ ಅವನ ಹಳೆಯ ಚಪ್ಪಲಿ ಬಿದ್ದಿದೆ. ಕೊಟ್ಟೂರಿನ ಧೂಳು ಅದಕ್ಕಿನ್ನೂ ಮೆತ್ತಿಕೊಂಡಿದೆ.