ನೂರು ಯೆನ್ ನಾಣ್ಯ ಹಿಡಿದು ಟೋಕಿಯೊದಲ್ಲಿ

"ಅಣ್ಣಾ, ಫ್ಯೂಜಿಗೆ ಒಂದು ದಿನ, ನಿಕ್ಕೊಗೆ ಒಂದು ದಿನ, ಅಸಾಕುಸ ದೇವಸ್ಥಾನಕ್ಕೆ ಅರ್ಧ ದಿನ ಸಾಕು" ಎಂದು ತಂಗಿ ಅಡುಗೆಮನೆಯಿಂದಲೇ ನನ್ನ ವಾರವನ್ನು ಹಂಚಿಹಾಕಿದ್ದಳು. ಮಿಕ್ಕದ್ದರಲ್ಲಿ ಮೂರು ದಿನ ನನಗೆ ಬಿಡು ಅಂದೆ. "ಏನ್ ಮಾಡ್ತೀಯಾ?" "ವಿಡಿಯೋ ಗೇಮ್ ಆಡ್ತೀನಿ." ಒಗ್ಗರಣೆ ಸೌಟು ಹಿಡಿದುಕೊಂಡೇ ಹೊರಗೆ ಬಂದು ನನ್ನ ಮುಖ ನೋಡಿದಳು. ಆಮೇಲೆ ನಕ್ಕಳು. ಅವಳಿಗೆ ಹೊಸ ಸುದ್ದಿಯೇನಲ್ಲ. ದಾವಣಗೆರೆಯಲ್ಲಿ ಅಪ್ಪ ನನ್ನನ್ನು ಹುಡುಕಿಕೊಂಡು ಹೊರಟಾಗ, ಅಡ್ಡದಾರಿಯಲ್ಲಿ ಗೇಮ್ ಅಂಗಡಿಗೆ ಓಡಿಬಂದು ಸುದ್ದಿ ಮುಟ್ಟಿಸುತ್ತಿದ್ದವಳು ಅವಳೇ.

ಆ ಅಂಗಡಿ ಇದ್ದದ್ದು ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ. ಒಳಗೆ ನಾಲ್ಕು ಪ್ಲೈವುಡ್ ಪೆಟ್ಟಿಗೆ, ಒಂದು ಟ್ಯೂಬ್‌ಲೈಟು, ಒಂದು ರೂಪಾಯಿಗೆ ಒಂದು ಆಟ. ಗೋಡೆ ಪಕ್ಕದ ಪೆಟ್ಟಿಗೆಯಲ್ಲಿ 'ಮುಸ್ತಫಾ' ಇತ್ತು. ಕಾರು, ಡೈನೊಸಾರು, ಓಡಿಬಂದು ಹಾರಿ ಒದೆಯುವ ಮುಸ್ತಫಾ. ಆಟದ ನಿಜವಾದ ಹೆಸರು 'ಕ್ಯಾಡಿಲಾಕ್ಸ್ ಅಂಡ್ ಡೈನೊಸಾರ್ಸ್', ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ಅದನ್ನು ಹೊರತಂದದ್ದು, ಅದಕ್ಕೆ ಮೂಲ ಮಾರ್ಕ್ ಶುಲ್ಟ್ಸ್ ಬರೆದ ಅಮೆರಿಕದ ಕಾಮಿಕ್ಸ್ ಎಂಬುದೆಲ್ಲ ತಿಳಿದದ್ದು ಎಷ್ಟೋ ವರ್ಷದ ಮೇಲೆ. ನಾಲ್ಕು ನಾಯಕರಲ್ಲಿ ಒಬ್ಬನ ಹೆಸರನ್ನೇ ನಮ್ಮ ದೇಶದ ಹುಡುಗರು ಇಡೀ ಆಟಕ್ಕೆ ಇಟ್ಟಿದ್ದರು.

ಜಪಾನಿನ ಆಟ ದಾವಣಗೆರೆಯ ಬಡಗಿ ಮಾಡಿದ ಪೆಟ್ಟಿಗೆಯೊಳಗೆ ಹೇಗೆ ಓಡಿತು ಅನ್ನುವುದಕ್ಕೂ ಒಂದು ಕತೆಯಿದೆ. ಜಪಾನಿನ ಗೇಮ್ ಯಂತ್ರ ತಯಾರಕರ ಸಂಘವಾದ ಜಮ್ಮಾ, 1980ರ ದಶಕದ ನಡುವಿನಲ್ಲಿ 56 ಪಿನ್ನುಗಳ ಒಂದೇ ಬಗೆಯ ಕನೆಕ್ಟರನ್ನು ಗೊತ್ತುಮಾಡಿತು. ಆಮೇಲೆ ಯಾವ ಕಂಪನಿಯ ಆಟವಾದರೇನು, ಹಳೆಯ ಬೋರ್ಡ್ ಕಿತ್ತು ಹೊಸದನ್ನು ಸಿಕ್ಕಿಸಿದರೆ ಅದೇ ಪೆಟ್ಟಿಗೆಯಲ್ಲಿ ಬೇರೆ ಆಟ. ನಮ್ಮೂರಿಗೆ ಬಂದ ಬೋರ್ಡು ಅಸಲಿಯೋ ನಕಲಿಯೋ ಯಾರೂ ಕೇಳುತ್ತಿರಲಿಲ್ಲ. ಪಿನ್ನು ಕೂತರೆ ಸಾಕಿತ್ತು. ಆ ಪಿನ್ನಿನ ತವರೂರಿಗೆ ಬಂದವನು ನಾನು. ಬರೀ ಬೆಟ್ಟ ನೋಡಿಕೊಂಡು ಹೋಗುವುದು ಹೇಗೆ?

ತಂಗಿಯ ಮನೆ ಇರುವುದು ನಿಶಿ ಕಸಾಯ್‌ನಲ್ಲಿ. ಟೋಕಿಯೊದ ಪೂರ್ವಕ್ಕಿರುವ ಈ ಬಡಾವಣೆಯಲ್ಲಿ ಭಾರತದ ಸಾಫ್ಟ್‌ವೇರ್ ಕುಟುಂಬಗಳು ಬೇಕಾದಷ್ಟಿವೆ. ಸಂಜೆ ಪಾರ್ಕಿನಲ್ಲಿ ಕೂತರೆ ಕನ್ನಡ ಕಿವಿಗೆ ಬೀಳುವುದಕ್ಕೆ ಹೊತ್ತು ಹಿಡಿಯುವುದಿಲ್ಲ. ಮೊದಲ ದಿನ ಅಲ್ಲಿಂದ ತೋಜಾಯ್ ಮೆಟ್ರೊ ಹತ್ತಿ, ಕಯಾಬಾಚೊದಲ್ಲಿ ಹಿಬಿಯಾ ಲೈನಿಗೆ ಬದಲಾಯಿಸಿ ಅಕಿಹಾಬಾರಾದಲ್ಲಿ ಇಳಿದೆ. ಜಪಾನೀಯರು ಗೇಮ್ ಸೆಂಟರ್ ಅನ್ನುವುದನ್ನು ಮೊಟಕು ಮಾಡಿ 'ಗೇಸೆನ್' ಅನ್ನುತ್ತಾರೆ. ಅಕಿಹಾಬಾರಾದ ಮುಖ್ಯ ರಸ್ತೆಯಲ್ಲಿ ಅವನ್ನು ಹುಡುಕಬೇಕಾಗಿಯೇ ಇಲ್ಲ, ಬಾಗಿಲಿಂದ ಸದ್ದು ರಸ್ತೆಗೇ ಚೆಲ್ಲುತ್ತದೆ. ಆದರೂ ನಾನು ಒಂದು ಗಂಟೆ ಪರದಾಡಿದೆ. ಯಾವ ಬಾಗಿಲು ಹೊಕ್ಕರೂ ಗಾಜಿನ ಪೆಟ್ಟಿಗೆ, ಕಬ್ಬಿಣದ ಉಗುರು, ಒಳಗೆ ಮೆತ್ತನೆಯ ಗೊಂಬೆ. ಗೊಂಬೆ ಎತ್ತುವ ಯಂತ್ರ ಬಿಟ್ಟರೆ ಇನ್ನೇನೂ ಇಲ್ಲವೆನ್ನುವ ಹಾಗೆ.

ಕೊನೆಗೆ ಮೂಲೆಯಲ್ಲಿ ಒಂದು ಎಸ್ಕಲೇಟರು ಕಂಡಿತು. ಅಲ್ಲಿ ಕಲಿತದ್ದು ಇಷ್ಟು: ಒಳ್ಳೆಯ ಗೇಸೆನ್ ರಸ್ತೆಗೆ ಮುಖ ಮಾಡಿರುವುದಿಲ್ಲ, ಮಹಡಿ ಹತ್ತಬೇಕು. ಗೊಂಬೆ ಯಂತ್ರ ದುಡ್ಡು ತರುತ್ತದೆ, ಹಾಗಾಗಿ ಅದು ಬಾಗಿಲಲ್ಲಿ. ಹಳೆಯ ಆಟಗಳು ಜನ ತರುತ್ತವೆ, ಅದೂ ದಾರಿ ಗೊತ್ತಿರುವ ಜನ, ಹಾಗಾಗಿ ಅವು ಮೇಲೆ. ಇನ್ನೊಂದು ಮಾತು, ಜಪಾನಿನಲ್ಲಿ ನೆಲಮಟ್ಟವೇ ಒಂದನೇ ಮಹಡಿ. ಅವರ ಎರಡನೇ ಮಹಡಿ ನಮ್ಮ ಲೆಕ್ಕಕ್ಕೆ ಮೊದಲನೆಯದು. ಇದು ಗೊತ್ತಿಲ್ಲದೆ ಒಂದು ಸಲ ಕೆಳಗಿಳಿದು ಮತ್ತೆ ಹತ್ತಿದೆ.

ನಾನು ಹತ್ತಿದ ಆ ಗೇಸೆನ್ ಹೆಸರು 'ಹೇ'. ನಡೆಸುವುದು ಟೈಟೊ, 1978ರಲ್ಲಿ ತೊಮೊಹಿರೊ ನಿಶಿಕಾದೊ ರೂಪಿಸಿದ 'ಸ್ಪೇಸ್ ಇನ್ವೇಡರ್ಸ್' ಬಿಟ್ಟು ಜಪಾನಿನ ಕಾಫಿ ಅಂಗಡಿಯ ಮೇಜುಗಳನ್ನೆಲ್ಲ ಪರದೆ ಮಾಡಿದ ಅದೇ ಕಂಪನಿ. ಇಲ್ಲಿ ಎರಡನೇ ಮಹಡಿಯ ಉದ್ದಕ್ಕೂ ವಿಮಾನ ಹಾರಿಸಿ ಗುಂಡು ಹೊಡೆಯುವ ಆಟಗಳ ಸಾಲು. ಕೂತೇ ಆಡುವ ತಗ್ಗಾದ ಬಿಳಿ ಪೆಟ್ಟಿಗೆಗಳು, ಎದುರಿಗೆ ಚಿಕ್ಕ ಸ್ಟೂಲು. ಆಫೀಸು ಬಿಟ್ಟು ಬಂದ ಒಬ್ಬರು, ಕೋಟು ಬಿಚ್ಚಿ ಮಡಿಸಿ ತೊಡೆಯ ಮೇಲಿಟ್ಟುಕೊಂಡು 'ದೊದೊನ್‌ಪಾಚಿ' ಆಡುತ್ತಿದ್ದರು. 1997ರ ಆಟ. ಪರದೆ ತುಂಬ ಗುಲಾಬಿ ಮತ್ತು ನೀಲಿ ಗುಂಡುಗಳ ಪರದೆ ಇನ್ನೊಂದು, ಸಣ್ಣ ಮಳೆ ಗಾಳಿಗೆ ಓಲಾಡಿದ ಹಾಗೆ ಕೆಳಗಿಳಿಯುತ್ತಿತ್ತು. ಈ ಬಗೆಯ ಆಟಗಳ ಗುಟ್ಟು ಏನೆಂದರೆ, ವಿಮಾನದ ಚಿತ್ರ ದೊಡ್ಡದಿದ್ದರೂ ಗುಂಡು ತಾಗುವ ಜಾಗ ಅದರ ನಡುವಿನ ಚುಕ್ಕೆಯಷ್ಟೇ. ಆ ಚುಕ್ಕೆಯನ್ನು ಮಳೆಹನಿಗಳ ನಡುವೆ ನಡೆಸುವುದೇ ವಿದ್ಯೆ. ಅವರ ಎಡಗೈ ಅಲುಗುತ್ತಿದೆಯೋ ಇಲ್ಲವೋ ತಿಳಿಯದಷ್ಟು ಹಗುರವಾಗಿ ಲಿವರಿನ ಮೇಲಿತ್ತು. ಒಂದೇ ನಾಣ್ಯಕ್ಕೆ ಅರ್ಧ ಗಂಟೆ ಆಡಿದರು. ನಾನು ಎರಡು ಹೆಜ್ಜೆ ಹಿಂದೆ ನಿಂತು ನೋಡಿದೆ. ಹಾಗೆ ನೋಡುವುದು ತಪ್ಪಲ್ಲ, ಫೋಟೊ ತೆಗೆಯುವುದು ತಪ್ಪು. ಮುಗಿದ ಮೇಲೆ ಅವರು ಕರ್ಚೀಫಿನಿಂದ ಲಿವರಿನ ಗುಂಡನ್ನು ಒರೆಸಿ, ಕೋಟು ಹಾಕಿಕೊಂಡು ಹೊರಟುಹೋದರು. ಆ ಒರೆಸಿದ್ದು ನನ್ನ ಕಣ್ಣಲ್ಲಿ ಉಳಿದುಬಿಟ್ಟಿದೆ.

ನಾಣ್ಯದ ವಿಷಯ ಹೇಳಲೇಬೇಕು. ಗೋಡೆಗೊರಗಿದ ಚಿಲ್ಲರೆ ಯಂತ್ರಕ್ಕೆ ಸಾವಿರ ಯೆನ್ ನೋಟು ಕೊಟ್ಟರೆ ಹತ್ತು ನಾಣ್ಯ ಗಲಗಲ ಬೀಳುತ್ತವೆ. ಒಂದು ಮಗ್ಗುಲಲ್ಲಿ ಚೆರ್ರಿ ಹೂವು, ಇನ್ನೊಂದರಲ್ಲಿ ದೊಡ್ಡದಾಗಿ 100. ಸ್ಪೇಸ್ ಇನ್ವೇಡರ್ಸ್ ಕಾಲದಿಂದಲೂ ಒಂದು ಆಟಕ್ಕೆ ಇದೇ ನೂರು ಯೆನ್. ಈ ನಡುವೆ ಮಾರಾಟ ತೆರಿಗೆ 1989ರಲ್ಲಿ ಶೇಕಡಾ 3 ಬಂತು, 1997ರಲ್ಲಿ 5 ಆಯಿತು, 2014ರಲ್ಲಿ 8, 2019ರ ಅಕ್ಟೋಬರಿನಲ್ಲಿ 10. ಹೋಟೆಲಿನವರು ಬೆಲೆ ಏರಿಸಬಹುದು. ನಾಣ್ಯ ನುಂಗುವ ಸೀಳಿಗೆ ನೂರಾ ಹತ್ತು ಯೆನ್ ತೂರಿಸಲು ಬರುವುದಿಲ್ಲ. ಹಾಗಾಗಿ ಪ್ರತಿ ನೂರರಲ್ಲಿ ಸುಮಾರು ಒಂಬತ್ತು ಯೆನ್ ಅಂಗಡಿಯವರ ಕೈಯಿಂದಲೇ ಹೋಗುತ್ತದೆ. ಕರೆಂಟು, ಬಾಡಿಗೆ, ಸಂಬಳ ಮಾತ್ರ ಏರುತ್ತಲೇ ಇವೆ. ಗೇಸೆನ್‌ಗಳು ಮುಚ್ಚಿದ್ದಕ್ಕೆ ಮನೆಯ ಪ್ಲೇಸ್ಟೇಷನ್, ಕೈಯೊಳಗಿನ ಫೋನ್ ಎಂದೆಲ್ಲ ಕಾರಣ ಕೊಡುತ್ತಾರೆ. ಅವೂ ನಿಜ. ನನಗೆ ಮಾತ್ರ ಈ ಒಂಬತ್ತು ಯೆನ್ನಿನ ಲೆಕ್ಕ ತಿಳಿದ ಮೇಲೆ ಉಳಿದಿರುವ ಅಂಗಡಿಗಳ ಮೇಲೆ ಗೌರವ ಹೆಚ್ಚಾಯಿತು.

ಎಷ್ಟು ಮುಚ್ಚಿವೆ ಎಂಬುದು ಎರಡನೇ ದಿನ ಕಾಲಿಗೇ ಗೊತ್ತಾಯಿತು. 1986ರಲ್ಲಿ ದೇಶದ ಉದ್ದಕ್ಕೂ 26 ಸಾವಿರಕ್ಕೂ ಮಿಕ್ಕಿ ಇದ್ದವು, 2019ರ ಹೊತ್ತಿಗೆ ನಾಲ್ಕು ಸಾವಿರದ ಆಸುಪಾಸು. ಬಹಳ ವರ್ಷಗಳಿಂದ ಫೋಟೊಗಳಲ್ಲಿ ನೋಡಿ ಆಸೆಪಟ್ಟಿದ್ದ ಕವಾಸಾಕಿಯ ವೇರ್‌ಹೌಸ್, ಹಾಂಗ್‌ಕಾಂಗಿನ ಕೌಲೂನ್ ಕೋಟೆ ಬಸ್ತಿಯ ಹಾಗೆ ತುಕ್ಕು ಹಿಡಿಸಿ ಕಟ್ಟಿದ್ದ ಕಟ್ಟಡ, 2019ರ ನವೆಂಬರಿನಲ್ಲೇ ಮುಚ್ಚಿತ್ತು. ಅಕಿಹಾಬಾರಾದ ಗುರುತಿನಂತಿದ್ದ ಸೆಗಾ ಎಂಬ ಹೆಸರೂ ಇಲ್ಲ. ಆ ಕಂಪನಿ ಗೇಸೆನ್ ವ್ಯವಹಾರ ಮಾರಿದ ಮೇಲೆ, 2022ರಿಂದ ಅಂಗಡಿಗಳ ಬೋರ್ಡುಗಳು 'ಗಿಗೊ' ಆಗಿವೆ. ನಾನು ಬರೆದಿಟ್ಟುಕೊಂಡಿದ್ದ ನಾಲ್ಕು ಸಣ್ಣ ಅಂಗಡಿಗಳಲ್ಲಿ ಒಂದರ ಜಾಗದಲ್ಲಿ ಔಷಧಿ ಅಂಗಡಿ, ಎರಡಕ್ಕೆ ಶೆಟರ್. ಶೆಟರಿಗೆ ಅಂಟಿಸಿದ ಚೀಟಿಯಲ್ಲಿ ನನಗೆ ಓದಲು ಬಂದದ್ದು ತಾರೀಕು ಮಾತ್ರ.

ನಾಲ್ಕನೆಯದು ತೆರೆದಿತ್ತು. ರೈಲು ಹಳಿಯ ಪಕ್ಕ, ಕಡಿದಾದ ಮೆಟ್ಟಿಲು, ಮೇಲೆ ಹತ್ತು ಹನ್ನೆರಡು ಯಂತ್ರ. ಮೂಲೆಯ ಮೇಜಿನ ಮೇಲೆ ದಾರ ಕಟ್ಟಿದ ಪೆನ್ನಿನ ಜೊತೆ ಒಂದು ನೋಟ್‌ಬುಕ್. ಮೊಬೈಲ್ ಫೋನು ಇಲ್ಲದ ಕಾಲದಲ್ಲಿ ಆಟಗಾರರು ಒಬ್ಬರಿಗೊಬ್ಬರು ಕಾಗದ ಬರೆದಂತೆ ಬರೆಯುತ್ತಿದ್ದ ಪುಸ್ತಕ ಇದು. ಯಾವ ಬಾಸನ್ನು ಹೇಗೆ ಹೊಡೆಯಬೇಕು, ನಾಳೆ ಯಾರು ಬರುತ್ತೀರಿ, ಪಕ್ಕದಲ್ಲಿ ಒಂದು ಚಿತ್ರ. ಕೊನೆಯ ಪುಟದ ಚಿತ್ರ ಆ ವಾರದ್ದೇ. ನಾನು ಅದರ ಕೆಳಗೆ ಕನ್ನಡದಲ್ಲಿ ಊರ ಹೆಸರು ಬರೆದು ಬಂದೆ.

ಮೂರನೇ ದಿನ ತಂಗಿಯ ಮಗ ಜೊತೆಗೆ ಬಂದ. ಹನ್ನೆರಡು ವರ್ಷ, ಮನೆಯಲ್ಲಿ ಕನ್ನಡ, ಹೊರಗೆ ಜಪಾನಿ. "ಸಂಜೆ ಆದ್ರೆ ನನ್ನೊಬ್ಬನ್ನೇ ಒಳಗೆ ಬಿಡಲ್ಲ ಮಾಮ, ನೀನು ಇರ್ಬೇಕು" ಅಂದ. ನಿಜ, ಇಲ್ಲಿ ಅದು ಕಾನೂನು. ಹದಿನೆಂಟು ತುಂಬದವರು ರಾತ್ರಿ ಹತ್ತರ ಮೇಲೆ ಗೇಸೆನ್‌ನಲ್ಲಿ ಇರುವಂತೆಯೇ ಇಲ್ಲ. ತಂಗಿಗೆ ಬೇರೆ ಚಿಂತೆ, ಹೊಗೆ. ಒಂದು ಕಾಲಕ್ಕೆ ಪ್ರತಿ ಯಂತ್ರದ ಮೇಲೂ ಸಿಗರೇಟಿನ ಬೂದಿ ಬಟ್ಟಲು ಇರುತ್ತಿತ್ತಂತೆ. 2020ರ ಏಪ್ರಿಲ್‌ನಿಂದ ಒಳಗೆ ಕೂತಲ್ಲೇ ಸೇದುವುದಕ್ಕೆ ನಿಷೇಧ. ಅದೇ ಏಪ್ರಿಲ್‌ನಲ್ಲಿ ಕೋವಿಡ್ ತುರ್ತು ಪರಿಸ್ಥಿತಿಯೂ ಬಂದು ಬಾಗಿಲುಗಳೇ ಮುಚ್ಚಿದವು.

ಹಾಗೆ ಮುಚ್ಚಿದಾಗ ಆಟಗಾರರೇ ಚಂದಾ ಎತ್ತಿ ಉಳಿಸಿಕೊಂಡ ಅಂಗಡಿ ತಕಾದನೊಬಾಬಾದ 'ಮಿಕಾದೊ'. ನಿಶಿ ಕಸಾಯ್‌ನಿಂದ ತೋಜಾಯ್ ಲೈನು ನೇರ ಅಲ್ಲಿಗೇ ಒಯ್ಯುತ್ತದೆ, ರೈಲು ಬದಲಿಸುವ ಗೋಜಿಲ್ಲ. ಸ್ಟೇಷನ್ನಿನ ರೈಲು ಸೇತುವೆಯ ಕೆಳಗೆ ಒಸಾಮು ತೆಜುಕಾ ಅವರ ಪಾತ್ರಗಳ ದೊಡ್ಡ ಚಿತ್ರ. ಕತೆಯಲ್ಲಿ ಆಸ್ಟ್ರೊ ಬಾಯ್ ಹುಟ್ಟಿದ್ದು ಇದೇ ಬಡಾವಣೆಯಲ್ಲಿ. ಅಲ್ಲಿಂದ ಕೆಲವೇ ನಿಮಿಷದ ನಡಿಗೆ. ಶಿಂಜುಕುದಲ್ಲಿದ್ದ ಮಿಕಾದೊ ಇಲ್ಲಿಗೆ ಬಂದದ್ದು 2009ರಲ್ಲಿ. ಎರಡು ಮಹಡಿ, ಯಂತ್ರಗಳು ಬೆನ್ನಿಗೆ ಬೆನ್ನು ಕೊಟ್ಟು ಕೂತಿವೆ. ಹೊಡೆದಾಟದ ಆಟದಲ್ಲಿ ನಿಮ್ಮ ಎದುರಾಳಿ ಆಚೆ ಬದಿಯಲ್ಲಿರುತ್ತಾನೆ, ಮುಖ ಕಾಣುವುದಿಲ್ಲ, ಕೈ ಮಾತ್ರ ಪರದೆಯಲ್ಲಿ ತಿಳಿಯುತ್ತದೆ. ಹೊಸ ಬಟ್ಟೆ ಹಾಕಿದ ಅಂಗಡಿಯಲ್ಲ ಇದು. ಟೇಪು ಹಚ್ಚಿದ ಕುರ್ಚಿಗಳಿವೆ, ಕೈಯಲ್ಲಿ ಬರೆದ ಚೀಟಿಗಳಿವೆ. ಆದರೆ ನಾಣ್ಯ ಹಾಕುವ ಮೊದಲೇ ನಾನು ಲಿವರನ್ನು ನಾಲ್ಕೂ ಕಡೆ ಅಲುಗಿಸಿ ನೋಡಿದೆ. ನಾಲ್ಕೂ ಕಡೆ ಟಿಕ್, ಟಿಕ್ ಎಂದು ಸ್ವಿಚ್ಚಿನ ಸಮನಾದ ಸದ್ದು. ಗುಂಡಿ ಒತ್ತಿದರೆ ಅಂಟಿಕೊಳ್ಳದೆ ಪುಟಿದು ಮೇಲೆ ಬಂತು. ಹಳೆಯ ಪಿಕ್ಚರ್ ಟ್ಯೂಬಿನ ಪರದೆಯಲ್ಲಿ ಬಿಳಿ ಬಿಳಿಯಾಗಿಯೇ ಇತ್ತು, ಅಂಚಿನ ಗೆರೆ ಬಾಗಿರಲಿಲ್ಲ. ಆ ಟ್ಯೂಬುಗಳನ್ನು ಈಗ ಯಾರೂ ತಯಾರಿಸುವುದಿಲ್ಲ. ಒಂದು ಕೆಟ್ಟರೆ ಇನ್ನೊಂದರ ಭಾಗ ಕಿತ್ತು ಬದುಕಿಸಬೇಕು. ಯಾರೋ ಒಬ್ಬರು ದಿನಾ ಹಿಂದಿನ ಬಾಗಿಲು ತೆಗೆದು ಒಳಗೆ ಕೈ ಹಾಕುತ್ತಿದ್ದಾರೆ ಅಂತ ಅರ್ಥ. ಊರು ಯಾವುದೇ ಇರಲಿ, ಒಳ್ಳೆಯ ಗೇಸೆನ್ ಯಾವುದು ಎಂದು ನಾನು ನೋಡುವುದು ಇದರಲ್ಲೇ.

"ಮುಸ್ತಫಾ ಇದೆಯಾ ಕೇಳೋ" ಅಂದೆ. "ಹಾಗಂದ್ರೆ ಯಾರಿಗೂ ಗೊತ್ತಾಗಲ್ಲ ಮಾಮ." ಆದರೂ ಪಕ್ಕದಲ್ಲಿ ನಿಂತಿದ್ದ, ಐವತ್ತು ದಾಟಿದ ಗಿರಾಕಿಯೊಬ್ಬರನ್ನು ಬಾಗಿ ವಂದಿಸಿ ಕೇಳಿದ. ಅವರು ತಲೆ ಓರೆ ಮಾಡಿ ಯೋಚಿಸಿದರು. ಕಾರು ಅಂದೆವು, ಡೈನೊಸಾರು ಅಂದೆವು. ನಾನು ನಿಂತಲ್ಲೇ ಕಾಲೆತ್ತಿ ಆ ಹಾರುವ ಒದೆತ ತೋರಿಸಿದೆ. "ಆ!" ಅಂದರು, ಮುಖ ಅರಳಿತು. "ಕ್ಯಾದಿರಾಕ್ಕುಸು!" ಜಪಾನಿನಲ್ಲಿ ಅದರ ಪೂರ್ತಿ ಹೆಸರಿನಲ್ಲಿ 'ಕ್ಯೊರ್ಯೂ ಶಿನ್‌ಸೇಕಿ' ಎಂದಿದೆಯಂತೆ. ಡೈನೊಸಾರುಗಳ ಹೊಸ ಶತಮಾನ ಎಂದು ಅಳಿಯ ಅರ್ಥ ಹೇಳಿದ. ಭಾರತದಲ್ಲಿ ಮುಸ್ತಫಾ ಅನ್ನುತ್ತೇವೆ ಎಂದಾಗ ಅವರು ಎರಡು ಸಲ ಆ ಹೆಸರನ್ನು ಬಾಯಲ್ಲಿ ಹೇಳಿಕೊಂಡರು. ಬೋರ್ಡುಗಳು ಬದಲಾಗುತ್ತಿರುತ್ತವೆ, ಇವತ್ತು ಅದಿಲ್ಲ, ಆದರೆ ಅದರ ಅಣ್ಣ ಇದ್ದಾನೆ ಎಂದು ಕೈಮಾಡಿ ಕರೆದರು. 1989ರ 'ಫೈನಲ್ ಫೈಟ್'.

ಅಳಿಯನೂ ನಾನೂ ಕೂತೆವು, ಇಬ್ಬರದೂ ಒಂದೊಂದು ನೂರು ಯೆನ್. ನಾನು ದಾವಣಗೆರೆಯಲ್ಲಿ ಹಿಡಿಯುತ್ತಿದ್ದ ಹಾಗೆಯೇ ಲಿವರನ್ನು ಗೇರ್ ರಾಡ್‌ನಂತೆ ಮುಷ್ಟಿಯಲ್ಲಿ ಹಿಡಿದೆ. ಅವರು ಹಿಂದಿನಿಂದ ನೋಡಿ "ಸುಮಿಮಾಸೆನ್", ಕ್ಷಮಿಸಿ, ಎನ್ನುತ್ತ ಮುಂದೆ ಬಂದು ತಮ್ಮ ಕೈಯಲ್ಲಿ ತೋರಿಸಿದರು. ಅಂಗೈ ಮೇಲ್ಮುಖ, ಕಿರುಬೆರಳು ಉಂಗುರ ಬೆರಳಿನ ನಡುವೆ ಲಿವರಿನ ಕಂಬ, ಮೇಲಿನ ಗುಂಡು ಅಂಗೈಯ ಬಟ್ಟಲಿನಲ್ಲಿ. ಪಕ್ಕಕ್ಕೆ ತಿರುಗಿ ನೋಡಿದರೆ ಅಳಿಯನ ಕೈ ಆಗಲೇ ಹಾಗಿತ್ತು. ನಾನೂ ಹಾಗೆ ಹಿಡಿದೆ. ಲಿವರು ಹಗುರವಾಯಿತು, ತೋಳಿನ ಕೆಲಸ ಬೆರಳಿಗೆ ಬಂತು. ಎರಡು ಬೀದಿ ದಾಟಿದೆವು, ಮೊದಲ ಬಾಸ್ ಬಂದ. ಗೋಡೆಯ ಮೇಲೆ ಹಾರಿ ಕೂತು ಸಿಳ್ಳೆ ಹೊಡೆದು ತನ್ನ ಆಳುಗಳನ್ನು ಕರೆದ.

"ಮಾಮ, ಹಿಂದೆ, ಹಿಂದೆ!"

ನನ್ನ ಕೈ ಅದಾಗಿಯೇ ಮತ್ತೆ ಮುಷ್ಟಿ ಕಟ್ಟಿತ್ತು. ಆ ಹಿರಿಯರು ಅದನ್ನು ನೋಡಿದರು, ಈ ಸಲ ತಿದ್ದಲಿಲ್ಲ. ಖಾಲಿ ಸ್ಟೂಲೊಂದನ್ನು ಎಳೆದುಕೊಂಡು ನಮ್ಮಿಬ್ಬರ ನಡುವೆ, ಒಂದು ಹೆಜ್ಜೆ ಹಿಂದಕ್ಕೆ ಕೂತರು.