ಎಲ್ಲಿಂದ, ಎಲ್ಲಿಗೆ

ರಸ್ತೆಯಲ್ಲಿ ಗಾಡಿ ನಿಲ್ಲಿಸಿ "ಎಲ್ಲಿಂದ ಬಂದ್ರಿ, ಎಲ್ಲಿಗ್ ಹೋಗ್ತೀರಿ, ಯಾಕೆ?" ಎಂದು ಕೇಳಿ ಬರೆದುಕೊಳ್ಳುವ ಕೆಲಸ ಹಿಂದೊಮ್ಮೆ ನನಗೆ ಹನ್ನೆರಡು ದಿನ ಸಿಕ್ಕಿತ್ತು. ದಿನಗೂಲಿ. ಪಕ್ಕದಲ್ಲಿ ಪೊಲೀಸಿನವನು ನಿಂತಿರುತ್ತಿದ್ದ, ಹಾಗಾಗಿ ಕಾರಿನ ಧಣಿಗಳೂ ಬಾಯಿ ಬಿಡುತ್ತಿದ್ದರು. ನಮ್ಮಪ್ಪ ಅದೇ ಪ್ರಶ್ನೆಯನ್ನು ಅಂಥವರಿಗೆ ಕೇಳಿದ್ದರೆ ಬೆನ್ನ ಮೇಲೆ ಬಾಸುಂಡೆ ಏಳುತ್ತಿತ್ತು.

ಲೆಕ್ಕ ಹೀಗೆ. ಸೀಮೆಯನ್ನು ವಲಯಗಳಾಗಿ ಕತ್ತರಿಸುತ್ತಾರೆ. ಪ್ರತಿ ವಲಯಕ್ಕೂ ಒಂದು ನಂಬರು, ಒಂದು ಚುಕ್ಕಿ. ಅಲ್ಲಿನ ಜನ, ವರಮಾನ, ವಾಹನ ನೋಡಿ ಎಷ್ಟು ಪಯಣ ಹೊರಡುತ್ತವೆ, ಕೆಲಸ, ಅಂಗಡಿ, ಶಾಲೆ ನೋಡಿ ಎಷ್ಟು ಬಂದು ಸೇರುತ್ತವೆ ಎಂದು ಅಂದಾಜು ಹಾಕುತ್ತಾರೆ. ಆಮೇಲೆ ನ್ಯೂಟನ್ನನ ಗುರುತ್ವ. ಎರಡು ವಲಯ ದೊಡ್ಡವಾದಷ್ಟೂ ನಡುವೆ ಓಡಾಟ ಹೆಚ್ಚು, ದೂರವಾದಷ್ಟೂ ಕಡಿಮೆ. 1955ರಲ್ಲಿ ಅಮೆರಿಕದ ಅಲನ್ ವೋರ್ಹೀಸ್ ಇದನ್ನು ನಗರದ ಓಡಾಟಕ್ಕೆ ಹೊಂದಿಸಿದ. ಒಂದೇ ವಲಯದೊಳಗಿನ ಓಡಾಟ ಮಾತ್ರ ರಸ್ತೆಜಾಲದ ಲೆಕ್ಕಕ್ಕೆ ಏರುವುದಿಲ್ಲ.

ನಮ್ಮೂರಿನ ಚುಕ್ಕಿ ಬಸ್ಸು ನಿಲ್ಲುವ ಅರಳಿಕಟ್ಟೆಯ ಮೇಲೆ ಬಿದ್ದಿತ್ತು. ನಮ್ಮ ಕೇರಿ ಅಲ್ಲಿಂದ ಮುಕ್ಕಾಲು ಮೈಲಿ, ಹಳ್ಳದಾಚೆ. ಆ ಮುಕ್ಕಾಲು ಮೈಲಿ, ಮಳೆಗಾಲದ ಮೊಣಕಾಲುದ್ದ ಕೆಸರು, ಕಾಗದದ ಮೇಲೆ ಸೊನ್ನೆ.

ಊರಿಗೆ ಹೋದಾಗ ತಮಾಷೆಗೆ ಅವ್ವನನ್ನೂ ಕೇಳಿದೆ.

"ಒತ್ತಾರೆ ನೀರಿಗೆ, ಆಮೇಲೆ ಗೌಡ್ರ ಗದ್ದೆಗೆ, ಸಂಜೆ ಸೌದೆಗೆ. ಬರ್ಕೊ."

"ನಡ್ಕೊಂಡ್ ಹೋಗೋದಕ್ಕೆ ನನ್ನ ಹಾಳೇಲಿ ಜಾಗ ಇಲ್ಲ ಕಣವ್ವ."

"ಅಂಗಾರೆ ಈ ಕಾಲು ಯಾರ್ದ್ಲಾ?"

ನಾನು ಸುಮ್ಮನಾದೆ. 2011ರ ಜನಗಣತಿಯಲ್ಲೂ ಕೆಲಸಕ್ಕೆ ಎಷ್ಟು ದೂರ, ಹೇಗೆ ಹೋಗುತ್ತೀರಿ ಎಂದು ಕೇಳಿದರು. ಉಳುವವರನ್ನೂ ಕೃಷಿಕೂಲಿಗಳನ್ನೂ ಬಿಟ್ಟು.

2023ರ ಜೂನ್ 11ರಿಂದ ಕರ್ನಾಟಕದಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾಯಿತು. ನಮ್ಮ ಕಡೆಯ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. "ಇಷ್ಟ್ ದಿನ ಎಲ್ಲಿದ್ರೋ ಇವರೆಲ್ಲ!" ಎಂದ ಕಂಡಕ್ಟರು. ಎಲ್ಲಿದ್ದರು? ಚಾರ್ಜಿಗೆ ಕಾಸಿಲ್ಲದೆ ಮನೆಯಲ್ಲಿದ್ದರು. ಹೊರಡದೇ ಹೋದ ಪಯಣವನ್ನು ರಸ್ತೆಬದಿಯಲ್ಲಿ ನಿಂತು ಹೇಗೆ ಎಣಿಸುವುದು? ಇವತ್ತಿನ ಓಡಾಟವನ್ನೇ ಬೆಳೆಸಿ ನಾಳೆಯದನ್ನು ಹೇಳುವವರು, ಇವತ್ತಿನ ಬಡತನವನ್ನೂ ಜೊತೆಗೇ ಬೆಳೆಸಿಬಿಡುತ್ತಾರೆ.

ಆ ತಿಂಗಳು ಅವ್ವನೂ ಹೊರಟಳು. ತಂಗಿಯ ಮನೆಗೆ, ಇಪ್ಪತ್ತೆರಡು ಕಿಲೋಮೀಟರು, ಹದಿನಾಲ್ಕು ವರ್ಷದ ಮೇಲೆ. ನನ್ನ ಹಾಳೆಯಲ್ಲಾದರೆ 'ಯಾಕೆ' ಎಂಬ ಕಡೆ 'ಇತರೆ' ಎಂದು ಗುರುತು ಹಾಕಬೇಕಿತ್ತು. ಅರಳಿಕಟ್ಟೆಯವರೆಗೆ ನಡೆದೇ ಹೋದಳು, ಚಪ್ಪಲಿ ಕೈಯಲ್ಲಿ ಹಿಡಿದು.